ಶಿಡ್ಲಘಟ್ಟದ ಬಾಯ್ಲರ್ ಸದ್ದು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಚಿಕ್ಕಬಳ್ಳಾಪುರದಲ್ಲಿ ವಕೀಲಿ ಮಾಡುತ್ತಿದ್ದೆ. ಆಗಿನ್ನೂ ನಮ್ಮದು ಕೋಲಾರ ಜಿಲ್ಲೆ. ಗ್ರಾಹಕರ ದೂರುಗಳಿಗೆಂದು ಜಿಲ್ಲಾ ವೇದಿಕೆ ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ. ಕೆಟ್ಟ ಮಿಕ್ಸಿ, ಮೊಳೆಯದ ಬಿತ್ತನೆ ಬೀಜ, ಬಣ್ಣ ಬಿಟ್ಟ ಸೀರೆ ಇಂಥವೇ ಅಲ್ಲಿನ ವ್ಯಾಜ್ಯಗಳು. ಹಿರಿಯ ವಕೀಲರು ಅವನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಿರಲಿಲ್ಲವಾದ್ದರಿಂದ ಆ ಕಕ್ಷಿದಾರರೆಲ್ಲ ನನ್ನ ಬಳಿ ಬರುತ್ತಿದ್ದರು.

ಶಿಡ್ಲಘಟ್ಟದ ಖೈರುನ್ನೀಸಾ ಬಂದದ್ದೂ ಹಾಗೆಯೇ. ನಲವತ್ತರ ಆಸುಪಾಸಿನ ಹೆಂಗಸು. ಗಂಡ ತೀರಿಕೊಂಡ ಮೇಲೆ ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕವನ್ನು ತಾವೇ ನಡೆಸುತ್ತಿದ್ದರು. ಗೂಡು ಬೇಯಿಸಲು ಹಬೆ ಬೇಕು, ಹಬೆಗೆ ಬಾಯ್ಲರ್ ಬೇಕು. ಗೌರಿಬಿದನೂರಿನ ಒಂದು ವರ್ಕ್‌ಶಾಪಿನಿಂದ ಹೊಸದೆಂದು ಕೊಂಡ ಬಾಯ್ಲರ್ ಕೆಲವೇ ತಿಂಗಳಲ್ಲಿ ಒಳಗಿನಿಂದ ಬಡಿದುಕೊಳ್ಳತೊಡಗಿತ್ತು.

"ಒಳಗೆ ಯಾರೋ ಕೂತ್ಕೊಂಡು ಸುತ್ತಿಗೇಲಿ ಹೊಡೆದಂಗೆ ಕೇಳ್ತದೆ ಮೇಡಂ. ಅದರ ಪಕ್ಕದಲ್ಲೇ ನಮ್ಮ ಹೆಂಗಸರು ಕೂತು ಕೆಲಸ ಮಾಡ್ತಾರೆ" ಎಂದರು.

ವರ್ಕ್‌ಶಾಪಿನ ಮೆಕ್ಯಾನಿಕ್ ಎರಡು ಮೂರು ಸಲ ಬಂದು, ಪ್ರತಿ ಸಲವೂ ಹಸಿರು ಬಣ್ಣ ಬಳಿದು ಹೋಗಿದ್ದನಂತೆ. ನಾನು ಕಳಿಸಿದ ನೋಟಿಸಿಗೆ ಬಂದ ಉತ್ತರ ಚುಟುಕಾಗಿತ್ತು: ಬಾಯ್ಲರಿನಲ್ಲಿ ದೋಷವಿಲ್ಲ, ಬೋರ್‌ವೆಲ್ ನೀರಿನ ಉಪ್ಪಿನಿಂದ ಸದ್ದು ಬರುತ್ತಿದೆ, ಅಲ್ಲದೆ ವ್ಯಾಪಾರಕ್ಕೆಂದು ಕೊಂಡವರು ಗ್ರಾಹಕರೇ ಅಲ್ಲ. ಕೊನೆಯ ಮಾತಿಗೆ ನನ್ನಲ್ಲಿ ಉತ್ತರವಿತ್ತು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ಯಂತ್ರವನ್ನು ವ್ಯಾಪಾರದ ಸರಕೆಂದು ಭಾವಿಸಬೇಕಿಲ್ಲ ಎಂದು ವಾದಿಸಬಹುದಿತ್ತು. ಆದರೆ ಸದ್ದನ್ನು ತೋರಿಸುವುದು ಹೇಗೆ? ತಜ್ಞರನ್ನು ಕಳಿಸಿ ಎಂದು ವೇದಿಕೆಯನ್ನು ಕೇಳಬೇಕಾದರೂ ಮೊದಲು ಕೈಯಲ್ಲಿ ಏನಾದರೂ ಇರಬೇಕು. ಫೋಟೊ ತೆಗೆಸೋಣ, ಸದ್ದನ್ನು ಕ್ಯಾಸೆಟ್ಟಿನಲ್ಲಿ ಹಿಡಿಯೋಣ ಎಂದು ನಿರ್ಧರಿಸಿದೆವು.

ಚಿಂತಾಮಣಿಯಲ್ಲಿ ಸ್ಟುಡಿಯೊ ಇಟ್ಟಿದ್ದ ರವಣಪ್ಪ ನನಗೆ ಪರಿಚಯ. ಮದುವೆ ಫೋಟೊ ತೆಗೆಯುವುದೇ ಅವರ ಕಸುಬು. ಕ್ಯಾಮೆರಾ, ಫ್ಲ್ಯಾಶ್ ಹೊತ್ತು ಬೆಳಗಿನ ಬಸ್ಸಿಗೆ ಬಂದರು. ನಾನು ಟೇಪ್ ರೆಕಾರ್ಡರನ್ನು ಶೆಡ್ಡಿನ ಕಿಟಕಿಯ ಮೇಲಿಟ್ಟು, ದಿನ, ಸ್ಥಳ, ಅಲ್ಲಿದ್ದವರ ಹೆಸರುಗಳನ್ನು ಮೊದಲಿಗೆ ನನ್ನ ದನಿಯಲ್ಲೇ ಹೇಳಿದೆ. ಯಾರ ದನಿ, ಎಲ್ಲಿಯ ಸದ್ದು ಎಂಬುದು ಟೇಪಿನಲ್ಲೇ ಸ್ಪಷ್ಟವಿರಬೇಕು, ನಡುವೆ ನಿಲ್ಲಿಸಬಾರದು, ಮೂಲ ಕ್ಯಾಸೆಟ್ ಬೇರೆಯವರ ಕೈ ಸೇರಬಾರದು. ಇಲ್ಲದಿದ್ದರೆ ತಿದ್ದಿದ್ದೆಂದು ಎದುರಾಳಿ ಒಂದೇ ಮಾತಿನಲ್ಲಿ ಅದನ್ನು ತಳ್ಳಿಹಾಕುತ್ತಾನೆ. ಕೆಲಸದ ಹೆಂಗಸರನ್ನು ಆ ದಿನ ಒಳಗೆ ಬಿಡಬೇಡಿ ಎಂದು ಖೈರುನ್ನೀಸಾಗೆ ಮೊದಲೇ ಹೇಳಿದ್ದೆ.

ಒಲೆಗೆ ಸೌದೆ ಹಾಕಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅಡಿಯಿಂದ ಒಂದು ಪೆಟ್ಟು ಕೇಳಿಸಿತು. ತುಸು ತಡೆದು ಇನ್ನೊಂದು. ಬರಬರುತ್ತ ಪೆಟ್ಟುಗಳು ಒತ್ತೊತ್ತಾಗಿ ಬಿದ್ದವು, ತಗಡಿನ ಮಾಡು ಅದಿರತೊಡಗಿತು. ರವಣಪ್ಪ ಪ್ರೆಷರ್ ಗೇಜಿನ ಫೋಟೊ ತೆಗೆದರು. ಹಬೆಯ ಒತ್ತಡ ತೋರಿಸಬೇಕಾದ ಆ ಮುಳ್ಳು ಒಲೆ ಹಚ್ಚುವ ಮೊದಲು ಎಲ್ಲಿತ್ತೋ ಅಲ್ಲೇ ಇತ್ತು. ಒತ್ತಡ ಮಿತಿಮೀರಿದರೆ ತಾನಾಗಿ ತೆರೆದುಕೊಳ್ಳಬೇಕಾದ ಸೇಫ್ಟಿ ವಾಲ್ವ್ ಕೂಡ ಮಿಸುಕಲಿಲ್ಲ. ಕಾವಿಗೆ ಹಸಿರು ಬಣ್ಣ ಗುಳ್ಳೆಗಟ್ಟಿ ಉದುರಿದ ಕಡೆ ಹಳೆಯ ಬೆಸುಗೆಯ ಗೆರೆಯೊಂದು ಕಾಣಿಸಿತು. ಅದರ ಮೇಲೊಂದು ತೇಪೆ, ತೇಪೆಯ ಅಂಚಿನಲ್ಲಿ ತುಕ್ಕು. ಹೊಸದೆಂದು ಮಾರಿದ್ದು ಯಾವುದೋ ಹಳೆಯ ಟ್ಯಾಂಕಿನ ಒಡಲು. ರವಣಪ್ಪ ಅದನ್ನೂ ಹತ್ತಿರದಿಂದ ಹಿಡಿದರು.

ಅಷ್ಟರಲ್ಲಿ ಸದ್ದು ನಿಂತಿತು.

ನಿಂತದ್ದು ಸಮಾಧಾನ ಕೊಡಬೇಕಿತ್ತು, ಕೊಡಲಿಲ್ಲ. ಒಲೆ ಧಗಧಗ ಉರಿಯುತ್ತಲೇ ಇತ್ತು. ತೇಪೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣಗೆ ನೀರು ಜಿನುಗಿ, ಹೊರಬಂದ ಕ್ಷಣವೇ ಹಬೆಯಾಗುತ್ತಿತ್ತು. ರವಣಪ್ಪನವರಿಗೆ ಗಾಬರಿಯಾದರೆ ಮನೆಮಾತು ತೆಲುಗೇ ಬಾಯಿಗೆ ಬರುತ್ತಿತ್ತು.

"ಇಂಕ ವದ್ದಮ್ಮಾ. ಸಾಕು, ಹೊರಗೆ ಹೋಗಣ" ಎಂದರು.

ಖೈರುನ್ನೀಸಾ ಉದ್ದನೆಯ ಕಬ್ಬಿಣದ ಸಲಾಕೆಯಿಂದ ಉರಿಯುವ ಸೌದೆಗಳನ್ನು ಹೊರಗೆಳೆದು ನೀರು ಸುರಿದರು. ನಾವು ಬೀದಿಗೆ ಬಂದು ಎದುರು ಮನೆಯ ಗೋಡೆಗೆ ಒರಗಿ ನಿಂತೆವು. ಬಾಯ್ಲರ್ ತಣ್ಣಗಾಗುವವರೆಗೆ ಆ ಬೀದಿಯಲ್ಲಿ ಓಡಾಡುತ್ತಿದ್ದವರಿಗೆಲ್ಲ ಖೈರುನ್ನೀಸಾ ಕೈಸನ್ನೆಯಲ್ಲೇ ಬಳಸಿ ಹೋಗಲು ಹೇಳುತ್ತಿದ್ದರು.

ಕ್ಯಾಸೆಟ್ಟಿನ ವಿಷಯವನ್ನೂ ಬರೆದು ದೂರು ದಾಖಲಿಸಿ, ಫೋಟೊಗಳ ಪ್ರತಿಯನ್ನು ಎದುರು ಪಕ್ಷಕ್ಕೆ ಕಳಿಸಿದ ಮೇಲೆ ವರ್ಕ್‌ಶಾಪಿನ ಮಾಲೀಕರೇ ನನ್ನ ಆಫೀಸಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತನೆಯ ಮಾತು. ಬೇರೆ ಬಾಯ್ಲರ್ ಕೊಡುತ್ತೇನೆ, ಆಗಿರುವ ನಷ್ಟವನ್ನೂ ತುಂಬುತ್ತೇನೆ, ಪ್ರತಿಯಾಗಿ ಕ್ಯಾಸೆಟ್ಟು ಮತ್ತು ನೆಗೆಟಿವ್‌ಗಳು ನನ್ನ ಕೈಗೆ ಬರಬೇಕು ಎಂದರು. ಇಂಥವು ಇನ್ನೆಷ್ಟು ಮಾರಿದ್ದೀರಿ ಎಂದು ಕೇಳಿದೆ. ಅವರು ಎದ್ದು ನಿಂತರು.

"ಯೋಚನೆ ಮಾಡಿ ಮೇಡಂ. ಆಯಮ್ಮ ಒಂಟಿ ಹೆಂಗಸು. ನಾಳೆ ಅಲ್ಲೇ ಬಾಳಬೇಕಲ್ಲ" ಎಂದು ಹೇಳಿ ಹೋದರು.

ಈ ಮಾತನ್ನು ಇದ್ದಂತೆಯೇ ಖೈರುನ್ನೀಸಾಗೆ ತಿಳಿಸಿದೆ. ರಾಜಿ ಒಪ್ಪಿದರೆ ಅವರ ಕಷ್ಟ ಅಂದೇ ಮುಗಿಯುತ್ತಿತ್ತು. ಕೇಸು ನಡೆಸಿದರೆ ಎಷ್ಟು ಕಾಲ ಹಿಡಿಯುತ್ತದೋ ಹೇಳುವಂತಿರಲಿಲ್ಲ.

"ಕ್ಯಾಸೆಟ್ ಕೊಟ್ಬಿಟ್ರೆ ಮಿಕ್ಕೋರಿಗೆ ಗೊತ್ತಾಗೋದು ಹೆಂಗೆ ಮೇಡಂ?" ಎಂದರು ಖೈರುನ್ನೀಸಾ.

ಮೂಲ ಕ್ಯಾಸೆಟ್ಟನ್ನು ಮೊಹರು ಮಾಡಿ ಇಟ್ಟುಕೊಂಡು ಒಂದು ಪ್ರತಿ ಮಾಡಿಸಿದೆ. ಇಬ್ಬರೂ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದೆವು. ಹರಾಜು ಮುಗಿಸಿ ಬರುತ್ತಿದ್ದ ರೀಲರ್‌ಗಳನ್ನು, ಅಂದರೆ ನೂಲು ಬಿಚ್ಚುವ ಘಟಕದವರನ್ನು, ಚಹಾದಂಗಡಿಯ ಬಳಿ ನಿಲ್ಲಿಸಿ ಖೈರುನ್ನೀಸಾ ಟೇಪ್ ಹಾಕಿದರು. ನಾನು ಯಾರ ಹೆಸರನ್ನೂ ಎತ್ತಲಿಲ್ಲ. ಈ ಸದ್ದು ನಿಮ್ಮಲ್ಲೂ ಇದೆಯೇ ಎಂದಷ್ಟೇ ಕೇಳಿದೆ. ಕೆಲವರು ನಕ್ಕು ಮುಂದೆ ಹೋದರು. ಗೂಡಿನ ಚೀಲ ಹೊತ್ತಿದ್ದ ಒಬ್ಬ ವಯಸ್ಸಾದವರು ಮಾತ್ರ ತಲೆ ಬಗ್ಗಿಸಿ ಪೂರ್ತಿ ಕೇಳಿಸಿಕೊಂಡರು.

"ನಮ್ದೂ ಹಿಂಗೇ ಹೊಡ್ಕಂತದೆ. ಈಗ್ಲೂ ಉರೀತಾ ಐತೆ" ಎಂದವರೇ ಚೀಲವನ್ನು ಅಲ್ಲೇ ಇಳಿಸಿ, ಸೈಕಲ್ ಹತ್ತಿ ಮನೆಯ ಕಡೆ ಹೊರಟರು.

ಅವರ ಬಾಯ್ಲರನ್ನು ಬಿಚ್ಚಿದಾಗ ತಳದ ತಗಡು ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುವಷ್ಟು ತೆಳುವಾಗಿತ್ತು.

ಕೋಲಾರದ ವೇದಿಕೆಯಲ್ಲಿ ಕ್ಯಾಸೆಟ್ ಕೇಳಿದ ಅಧ್ಯಕ್ಷರು ಇಷ್ಟರಿಂದಲೇ ತೀರ್ಪು ಕೊಡಲಾಗದು ಎಂದರು. ಆದರೆ ಫೋಟೊಗಳನ್ನೂ ನೋಡಿ, ಪರಿಶೀಲನೆಗೆ ಒಬ್ಬ ಇಂಜಿನಿಯರನ್ನು ನೇಮಿಸಿದರು. ಅವರ ವರದಿ ಬಂದ ಮೇಲೆ ಮಾಲೀಕರಿಗೆ ಬೇರೆ ದಾರಿ ಉಳಿಯಲಿಲ್ಲ. ಗುಜರಿಯಲ್ಲಿ ಕೊಂಡ ಟ್ಯಾಂಕುಗಳಿಂದ ಒಟ್ಟು ಐದು ಬಾಯ್ಲರ್ ಮಾಡಿದ್ದಾಗಿ ಒಪ್ಪಿಕೊಂಡರು. ಖೈರುನ್ನೀಸಾಗೆ ಹೊಸ ಬಾಯ್ಲರ್, ಪರಿಹಾರ ಎರಡನ್ನೂ ಕೊಡಬೇಕೆಂದು ಆದೇಶವಾಯಿತು.

ಐದರಲ್ಲಿ ನಾಲ್ಕು ಸಿಕ್ಕವು. ಐದನೆಯದನ್ನು ಆಂಧ್ರದ ಗಡಿಯ ಕಡೆಯ ಯಾರೋ ನಗದು ಹಣ ಕೊಟ್ಟು ಲಾರಿಯಲ್ಲಿ ಒಯ್ದರು, ಹೆಸರು ನೆನಪಿಲ್ಲ ಎಂದರು ಮಾಲೀಕರು. ಗಡಿಯ ಹತ್ತಿರದ ನಗರಗೆರೆಯವರೆಗೂ ಹೋಗಿ ವಿಚಾರಿಸಿದೆವು. ಹಸಿರು ಬಾಯ್ಲರ್ ಕಂಡವರು ಯಾರೂ ಸಿಗಲಿಲ್ಲ.

ಆಮೇಲೆ ನನ್ನ ಬಳಿ ಕೆಲಸ ಕಲಿಯಲು ಬಂದ ಕಿರಿಯರಿಗೆಲ್ಲ ಒಂದು ಮಾತು ಹೇಳುತ್ತ ಬಂದಿದ್ದೇನೆ. ಸಾಕ್ಷ್ಯ ಕೈಗೆ ಸಿಕ್ಕ ದಿನ, ಅದನ್ನು ಕೋರ್ಟಿಗೆ ಹೇಗೆ ಒಪ್ಪಿಸುವುದೆಂದು ಯೋಚಿಸುವ ಮೊದಲು, ಅದೇ ಅಪಾಯದ ಪಕ್ಕದಲ್ಲಿ ಇನ್ನೂ ಯಾರು ಕೂತಿದ್ದಾರೆಂದು ಹುಡುಕಿ. ಆ ಐದನೆಯ ಬಾಯ್ಲರ್ ತಣ್ಣಗಾಗಿ ಮತ್ತೆ ಗುಜರಿ ಸೇರಿತೋ, ಯಾವ ಊರಿನ ಶೆಡ್ಡಿನಲ್ಲಿ ಏನಾಯಿತೋ, ನನಗೆ ಇಂದಿಗೂ ಗೊತ್ತಿಲ್ಲ.