ಹೊಟ್ಟಿನ ಒಲೆ ಕಾಯ್ದ ಅತ್ತೆ

ನಮ್ಮ ಅತ್ತೆಯ ಉಸಿರು ಅವರಿಗಿಂತ ಮೊದಲೇ ಅಡುಗೆಮನೆಗೆ ಬರುತ್ತಿತ್ತು. ನಡುಮನೆ ದಾಟುವಾಗಲೇ ಎದೆಯೊಳಗಿನ ಸಣ್ಣ ಸಿಳ್ಳು ಕೇಳಿಸುತ್ತಿತ್ತು. ಆಮೇಲೆ ಬಾಗಿಲಲ್ಲಿ ಅವರ ಮುಖ, ಹಣೆಯ ತುಂಬ ವಿಭೂತಿ, ಮೂಗಿಗೆ ಒತ್ತಿಕೊಂಡ ಸೆರಗು. ಹೊಗೆ ಇರಲಿ ಇಲ್ಲದಿರಲಿ, ಸೆರಗು ಮಾತ್ರ ಮೂಗು ಬಿಟ್ಟು ಇಳಿಯುತ್ತಿರಲಿಲ್ಲ. ಮದುವೆಯಾಗಿ ಹೊಸಪೇಟೆಗೆ ಬಂದ ಹೊಸತರಲ್ಲಿ, ನನ್ನ ಅಡುಗೆಯ ವಾಸನೆಯೇ ಅವರಿಗೆ ಆಗುವುದಿಲ್ಲವೇನೋ ಎಂದು ಒಳಗೊಳಗೇ ಹೆದರಿದ್ದೆ.

ಹೆದರುವುದರಲ್ಲಿ ನಾನು ಅವರ ಮುಂದೆ ಏನೇನೂ ಅಲ್ಲವೆಂದು ತಿಳಿಯಲು ಬಹಳ ದಿನ ಹಿಡಿಯಲಿಲ್ಲ. ಗ್ಯಾಸ್ ಸಿಲಿಂಡರ್ ಕಂಡರೆ ಅವರಿಗೆ ಹೆದರಿಕೆ, ಸ್ವಿಚ್ಚು ಕಂಡರೆ ಹೆದರಿಕೆ, ಗುಡುಗಿದರಂತೂ ಮನೆಯ ಎಲ್ಲ ಪ್ಲಗ್ಗುಗಳೂ ಹೊರಗೆ. ಜೋಳದ ರೊಟ್ಟಿ ಬಡಿದು ಊರಿನ ಖಾನಾವಳಿಗಳಿಗೂ ಹಂಪಿಯ ಗೆಸ್ಟ್‌ಹೌಸುಗಳಿಗೂ ಕೊಡುವುದು ಅವರೇ ಶುರುಮಾಡಿದ ಕಸುಬು. ಹಂಪಿಗೆ ರೊಟ್ಟಿ ಒಯ್ದ ಮಗ, ಅಂದರೆ ನನ್ನ ಗಂಡ, ಬರುವುದು ಸ್ವಲ್ಪ ತಡವಾದರೂ ಅತ್ತೆಯ ಲೆಕ್ಕದಲ್ಲಿ ಗಾಡಿ ದಾರಿಯಲ್ಲಿ ಕಡ್ಡಿರಾಂಪುರದ ಹತ್ತಿರ ಬಿದ್ದೇ ಇರುತ್ತಿತ್ತು.

ಕಟ್ಟಿಗೆ ಒಲೆಯ ಮುಂದೆ ಕೂತು ಕೂತು ಅವರ ಎದೆ ಹಾಳಾಗಿತ್ತು. ಇನ್ನು ಕಟ್ಟಿಗೆ ಹೊಗೆ ಕುಡಿದರೆ ತಮ್ಮ ಕೈಯಲ್ಲಿ ಏನೂ ಇಲ್ಲವೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅಷ್ಟು ರೊಟ್ಟಿಗೆ ಗ್ಯಾಸ್ ಹಚ್ಚಿದರೆ ನಮಗೆ ಗಿಟ್ಟುತ್ತಿರಲಿಲ್ಲ. ಕಸುಬು ಬಿಡಿ ಎಂದರೆ ಅತ್ತೆ ಕೇಳುವವರಲ್ಲ.

ಆಗ ನನ್ನ ತವರಿನಿಂದ ಹೊಟ್ಟಿನ ಒಲೆ ಬಂತು. ಕಂಪ್ಲಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಭತ್ತದ ಹೊಟ್ಟನ್ನು ಒತ್ತಿ, ಮುರಿದ ಚಕ್ಕುಲಿಯಂಥ ಗಟ್ಟಿ ತುಂಡು ಮಾಡುವ ಯಂತ್ರವನ್ನು ನನ್ನ ಅಣ್ಣ ಹಾಕಿಸಿದ್ದ. ಆ ತುಂಡುಗಳನ್ನು ಉರಿಸುವ ಒಲೆಯೊಂದನ್ನು ನಮ್ಮ ಮನೆಗೆ ಇಳಿಸಿ ಹೋದ. ಮೇಲಿನ ಡಬ್ಬಿಗೆ ತುಂಡು ಸುರಿದರೆ ಕೆಳಗೆ ಒಂದು ಸ್ಕ್ರೂ ತಿರುಗುತ್ತ ಅವನ್ನು ಬೆಂಕಿಗೆ ದೂಡುತ್ತದೆ, ಸಣ್ಣ ಫ್ಯಾನು ಗಾಳಿ ಊದುತ್ತದೆ. ಹೊಗೆ ಇಲ್ಲವೆಂದರೆ ಇಲ್ಲ. ಆದರೆ ಎರಡಕ್ಕೂ ಕರೆಂಟು ಬೇಕು. ಫ್ಯಾನು ನಿಂತಿತೋ, ಹೊಗೆಯೆಲ್ಲ ತಿರುಗಿ ಮುಖಕ್ಕೇ ಬರುತ್ತದೆ.

ತವರಿನ ವಸ್ತು ಅಂದಮೇಲೆ ಅದು ಕೆಟ್ಟರೆ ನಾನೇ ಕೆಟ್ಟಂತೆ. ದಿನಾ ಬೆಳಿಗ್ಗೆ ಅದನ್ನು ಹಚ್ಚುವಾಗ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

ಅತ್ತೆಯೋ ಅದರ ಪಕ್ಕ ಕಾವಲು ಕೂತರು. ಕೈ ಹಿಟ್ಟಿನಲ್ಲಿ, ಕಿವಿ ಒಲೆಯಲ್ಲಿ. ತುಂಡುಗಳಿಗೆ ಅವರಿಟ್ಟ ಹೆಸರು ಕಾಳು. ಸ್ಕ್ರೂ ತಿರುಗುವ ಕರಕರ ಸದ್ದು ಒಂದು ಗಳಿಗೆ ನಿಂತರೆ ಸಾಕು, “ಕಾಳು ಬಿದ್ದಾವೇನು ನೋಡವ್ವಾ” ಎನ್ನುವರು. ಕಾಳು ಬೀಳುತ್ತಲೇ ಇರುತ್ತಿದ್ದವು. ಆದರೂ ನಾನು ಎದ್ದು ನೋಡಿ, “ಬಿದ್ದಾವ್ರೀ ಅತ್ತಿ” ಅನ್ನಬೇಕು.

ಕರೆಂಟಿನ ಹೆದರಿಕೆಗೆಂದು ರಬ್ಬರ್ ಚಪ್ಪಲಿಯ ಬೇರೆ ಜೊತೆಯೊಂದನ್ನು ತರಿಸಿದ್ದರು. ನಮ್ಮದು ದಿನಾ ಲಿಂಗಪೂಜೆ ನಡೆಯುವ ಮನೆ. ಅಡುಗೆಮನೆಯೊಳಗೆ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ. ಅತ್ತೆ ಮಾತ್ರ ಆ ಜೊತೆಯನ್ನು ಹೊಸದಿರುವಾಗಲೇ ತೊಳೆದು, ವಿಭೂತಿ ಹಚ್ಚಿ, ಹೊಸ್ತಿಲು ದಾಟಿಸದೆ ಒಲೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ನೆರೆಯವರು ನಕ್ಕರೆ, “ನಗ್ರಿ. ಕರೆಂಟಿಗೆ ಮಡಿ ಮೈಲಿಗಿ ಗೊತ್ತೈತೇನು?” ಎಂದು ಕೇಳುತ್ತಿದ್ದರು.

ಹೆದರಿಕೆಯಿಂದಲೇ ಅವರಿಗೆ ಒಂದು ಕ್ರಮ ಹುಟ್ಟಿತ್ತು. ಒಲೆ ನಿಂತರೆ ಮೊದಲು ಕರೆಂಟು, ಆಮೇಲೆ ಗಾಳಿ, ಆಮೇಲೆ ಕಾಳು, ಕೊನೆಗೆ ಬೂದಿ. ಈ ಸಾಲು ತಪ್ಪಿಸಿದರೆ ಸಿಟ್ಟಾಗುತ್ತಿದ್ದರು. ಬೇಸಿಗೆಯ ಒಂದು ಸಂಜೆ ಸ್ಕ್ರೂ ತಿರುಗದೆ ಬರೀ ಗುಂಯ್‌ಗುಟ್ಟಿತು. ಮೋಟರು ಸುಟ್ಟಿತೆಂದು ನಾನು ಚೀರಿದೆ. ಅತ್ತೆ ಚಪ್ಪಲಿ ಮೆಟ್ಟಿಕೊಂಡು, ಒಲೆಯ ಪ್ಲಗ್ಗು ಕಿತ್ತು, ಅದೇ ಜಾಗಕ್ಕೆ ಮಿಕ್ಸಿ ಹಚ್ಚಿದರು. ಮಿಕ್ಸಿಯೂ ನರಳಿತು. “ಓಲ್ಟೇಜ್ ಇಲ್ಲವ್ವಾ. ಒಲಿಗಿ ಏನೂ ಆಗಿಲ್ಲ. ನೀ ಮೊದ್ಲು ನೀರು ಕುಡಿ” ಎಂದರು. ಇನ್ನೊಮ್ಮೆ ಪ್ಲಗ್ಗು ಕರಗುವ ವಾಸನೆಯನ್ನು ನಡುಮನೆಯಿಂದಲೇ ಹಿಡಿದು, ಮೇನ್ ಸ್ವಿಚ್ ಆರಿಸಿ ಎಂದು ಕೂಗಿಕೊಂಡಿದ್ದರು. ಉಸಿರೇ ಸರಿಯಿಲ್ಲದವರಿಗೆ ಅಂಥ ಮೂಗು ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆದರೆ ಒಂದು ತೊಂದರೆ ಅವರ ಕೈಗೂ ಸಿಗಲಿಲ್ಲ. ಅಮಾವಾಸ್ಯೆ ಕಳೆದ ಮರುದಿನ ಒಲೆ ಕೈಕೊಡುತ್ತಿತ್ತು. ಬೆಂಕಿ ಹತ್ತುವುದು, ಸ್ವಲ್ಪ ಹೊತ್ತು ಉರಿಯುವುದು, ಆಮೇಲೆ ಸ್ಕ್ರೂ ಹಿಡಿದುಕೊಂಡು ಮನೆ ತುಂಬ ಹೊಗೆ. ಅಣ್ಣ ಕಂಪ್ಲಿಯಿಂದ ಬಂದು ಬಿಚ್ಚಿ ನೋಡುವ ಹೊತ್ತಿಗೆ ಎಲ್ಲ ಒಣಗಿ ಪುಡಿಯಾಗಿರುತ್ತಿತ್ತು, ಜಾಡಿಸಿದರೆ ಸರಿಹೋಗುತ್ತಿತ್ತು. ಮತ್ತೆ ಅಮಾವಾಸ್ಯೆ, ಮತ್ತೆ ಅದೇ ಕಥೆ. ಒಲೆಯ ಕಾಲ್ಗುಣ ಸರಿಯಿಲ್ಲವೆಂದು ರೊಟ್ಟಿಗೆ ಬರುವವರೂ ಆಡಿಕೊಂಡರು. ಒಲೆಯ ಕಾಲ್ಗುಣ ಎಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಯಾರ ಕಾಲು ಎಂದು ತಿಳಿಯದಷ್ಟು ದಡ್ಡಿ ನಾನಲ್ಲ.

ಹಾಗೆ ಒಂದು ಅಮಾವಾಸ್ಯೆಯ ಮರುದಿನ ಹೊಗೆ ಜೋರಾಗಿಯೇ ಬಂತು. ಅತ್ತೆ ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ಕೂತರು. ತುಟಿ ನೀಲಿಗಟ್ಟಿತ್ತು. ಹಿತ್ತಲಿಗೆ ಕರೆದೊಯ್ದು, ಔಷಧಿ ಎಳೆದುಕೊಳ್ಳುವ ಪಂಪು ಕೊಟ್ಟು, ಬೆನ್ನು ಸವರುತ್ತ ನಿಂತ ನನಗೆ ಅಳುವೇ ಬಂದುಬಿಟ್ಟಿತು. ತಾಯಿಯ ಸ್ಥಿತಿ ನೋಡಿದ ನನ್ನ ಗಂಡ ಪಡಸಾಲೆಗೆ ಹೋಗಿ ಅಣ್ಣನಿಗೆ ಫೋನ್ ಹಚ್ಚಿದರು. “ನಿಮ್ಮ ಮಾಲು ನಮಗ ಬ್ಯಾಡ್ರಿ. ನಾಳೆ ಗಾಡಿ ತಂದು ಒಯ್ರಿ. ನಮ್ಮ ಕಟಗಿ ಒಲಿನೇ ಭೇಷಿತ್ತು” ಎಂಬ ಮಾತು ಹಿತ್ತಲಿನವರೆಗೆ ಕೇಳಿಸಿತು. ಕಟ್ಟಿಗೆ ಒಲೆ ಮತ್ತೆ ಬಂದರೆ ಅತ್ತೆ ಎಷ್ಟು ದಿನ? ಈ ಒಲೆ ವಾಪಸು ಹೋದರೆ ಅದರ ಹಿಂದೆ ನನ್ನ ಹೆಸರಿಗೆ ಅಂಟುವ ಮಾತು ಎಂಥದು? ಎರಡೂ ಹೆದರಿಕೆ ಒಟ್ಟಿಗೇ ಹತ್ತಿಕೊಂಡವು.

ಉಸಿರು ಸ್ವಲ್ಪ ಹದಕ್ಕೆ ಬಂದದ್ದೇ ಅತ್ತೆ ಎದ್ದರು. ಹೊಗೆ ಹೊರಗೆ ಹೋಗಿತ್ತು, ಒಲೆ ಆರಿತ್ತು. ನಾನು ತಡೆದರೂ ಕೇಳಲಿಲ್ಲ. ಚಪ್ಪಲಿ ಮೆಟ್ಟಿದರು, ಪ್ಲಗ್ಗು ಕಿತ್ತರು. ಮಿಕ್ಸಿ ಹಚ್ಚಿದರೆ ಚೆನ್ನಾಗಿ ತಿರುಗಿತು, ಕರೆಂಟು ಸರಿ. ಫ್ಯಾನಿನ ದಾರಿ ತೆರವು, ಗಾಳಿ ಸರಿ. ಇನ್ನು ಕಾಳು. ಡಬ್ಬಿಯಲ್ಲಿದ್ದದ್ದನ್ನು ಮೊರಕ್ಕೆ ಸುರಿಯುತ್ತ ಹೋದೆವು. ಮೇಲಿನವು ಕಟಕಟ ಒಣಗಿದ್ದವು. ತಳದವು ಮೆತ್ತಗಿದ್ದವು. ಅತ್ತೆ ಸೌಟಿನ ತುದಿಯಿಂದ ಸ್ಕ್ರೂವಿನ ಬಾಯಿ ಕೆದಕಿದಾಗ ನೆನೆದು ಉಬ್ಬಿದ ಹೊಟ್ಟಿನ ಮುದ್ದೆಯೊಂದು ಕಿತ್ತು ಬಂತು. ಅಂಗೈಯಲ್ಲಿಟ್ಟು ನೋಡಿದರೆ ಅದರಲ್ಲಿ ಹಳದಿ, ಕೆಂಪು.

ಅರಿಶಿನ, ಕುಂಕುಮ.

ಅಮಾವಾಸ್ಯೆಯ ದಿನ ರೊಟ್ಟಿಗೆ ರಜೆ, ಒಲೆ ಹಚ್ಚುತ್ತಿರಲಿಲ್ಲ. ಅಂದು ನಾವೆಲ್ಲ ಏಳುವ ಮೊದಲೇ ಅತ್ತೆ ಲಿಂಗಪೂಜೆ ಮುಗಿಸಿ ಒಲೆಪೂಜೆ ಮಾಡುತ್ತಿದ್ದರು. ಬೆಂಕಿ ಕೊಡುವ ಒಲೆಯ ಹೊಟ್ಟೆಯನ್ನು ಖಾಲಿ ಇಟ್ಟು ಪೂಜಿಸಬಾರದೆಂದು ಡಬ್ಬಿ ತುಂಬಿಸಿ, ಅರಿಶಿನ ಕುಂಕುಮ ಏರಿಸಿ, ಲಿಂಗದ ತೀರ್ಥವನ್ನು ಒಂದು ಬಟ್ಟಲು ಅದರೊಳಗೇ ಬಿಡುತ್ತಿದ್ದರು. ಮನೆಗೆ ಏನೂ ಕೆಡುಕಾಗದಿರಲಿ, ಒಲೆ ಕೆಡದಿರಲಿ ಎಂಬ ಹೆದರಿಕೆಗೆ.

ಪಡಸಾಲೆಯಲ್ಲಿ ಫೋನಿನ ಮಾತು ಇನ್ನೂ ಮುಗಿದಿರಲಿಲ್ಲ. ನಾನು ಪಿಸುಗುಟ್ಟಿದೆ: “ಬಚ್ಚಲಕ್ಕ ಒಗದುಬಿಡ್ರಿ ಅತ್ತಿ. ಯಾರಿಗೂ ಗೊತ್ತಾಗಂಗಿಲ್ಲ. ಇನ್ಮ್ಯಾಲೆ ನೀರು ಹಾಕೋದು ಬಿಟ್ರಾತು.”

“ಅಲ್ಲಿ ನನ್ನ ಮಗ ನಿಮ್ಮಣ್ಣಗ ಬಯ್ಯಾಕತ್ಯಾನ, ಕೇಳಿಸವಲ್ದೇನು ನಿನಗ?” ಎಂದರು ಅತ್ತೆ.

ಆ ಮುದ್ದೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಪಡಸಾಲೆಗೆ ನಡೆದರು. ಅವಸರಕ್ಕೆ ಆ ಚಪ್ಪಲಿ ಹೊಸ್ತಿಲು ದಾಟಿದ್ದೂ ಅವರಿಗೆ ಗೊತ್ತಾಗಲಿಲ್ಲ. ಮಗನ ಮುಂದೆ ಇನ್ನೊಂದು ಕೈ ಚಾಚಿ, “ಫೋನ್ ಕೊಡಿಲ್ಲಿ” ಎಂದರು.

“ಬೀಗರ, ನಾನು, ನಿಮ್ಮ ತಂಗಿ ಅತ್ತಿ. ಒಲಿ ಚಲೋ ಐತ್ರಿ. ತಪ್ಪು ನಂದು. ಪೂಜಿ ನೀರು ಕಾಳಿನಾಗ ಹಾಕೀನಿ, ಉಬ್ಬಿ ಹಿಡ್ಕೊಂಡೈತಿ. ನನ್ನ ಮಗ ಬಾಯಿಗೆ ಬಂದಂಗ ಅಂದಾನ, ಮನಸಿಗಿ ಹಚ್ಕೋಬ್ಯಾಡ್ರಿ.”

ಗಂಡಿನ ತಾಯಿ ಹೆಣ್ಣಿನ ತವರಿಗೆ ತಪ್ಪು ನನ್ನದು ಎಂದು ಹೇಳಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಅಣ್ಣ, “ಇರ್ಲಿ ಬಿಡ್ರಿ, ಇರ್ಲಿ ಬಿಡ್ರಿ” ಅನ್ನುತ್ತಲೇ ಇದ್ದನಂತೆ. ರೊಟ್ಟಿಗೆ ಬಂದವರಿಗೂ ಅತ್ತೆ ತಾವಾಗಿ ಆ ಕಥೆ ಹೇಳಿದರು. “ಒಲಿಗಿ ತೀರ್ಥ ಕುಡಿಸಿ ನಾನಽ ಕೆಡಿಸಿದ್ದೆ ನೋಡ್ರಿ” ಎಂದು ನಗುತ್ತ, ನಡುನಡುವೆ ಕೆಮ್ಮುತ್ತ. ಪೂಜೆ ಬಿಡಲಿಲ್ಲ, ತೀರ್ಥ ಮಾತ್ರ ಹಿತ್ತಲಿನ ಬಿಲ್ವದ ಗಿಡಕ್ಕೆ ಹೋಯಿತು.

ಆ ಒಲೆ ಅವರನ್ನು ಉಳಿಸಿತು ಎಂದು ಬರೆದರೆ ಸುಳ್ಳಾದೀತು. ಹಳೆಯ ಹೊಗೆ ಮಾಡುವುದನ್ನು ಅದಾಗಲೇ ಮಾಡಿ ಮುಗಿಸಿತ್ತು. ಒಂದು ಚಳಿಗಾಲ ದವಾಖಾನೆಗೆ ಸೇರಿದವರು ಮನೆಗೆ ಮರಳಲಿಲ್ಲ. ಕೊನೆಯ ದಿನಗಳಲ್ಲಿ ಮಾತಿಗೂ ಉಸಿರು ಸಾಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಗನನ್ನು ಹತ್ತಿರ ಕರೆದು, ತಡೆದು ತಡೆದು ಹೇಳಿದರು: “ಇನ್ನೊಮ್ಮಿ ಒಲಿ ನಿಂತ್ರ... ಕಂಪ್ಲಿಗೆ ಫೋನ್ ಹಚ್ಚಬ್ಯಾಡ. ಮೊದ್ಲು ಒಲಿ ನೋಡು.”

ಅವರು ಹೋದಮೇಲೂ ಒಲೆ ಆಗಾಗ ನಿಲ್ಲುತ್ತದೆ. ಯಂತ್ರವಲ್ಲವೇ, ನಿಲ್ಲದೆ ಏನು ಮಾಡೀತು? ನಿಂತಾಗ ನನ್ನ ಎದೆ ಈಗಲೂ ಧಸಕ್ಕೆನ್ನುತ್ತದೆ, ಹೆದರದೆ ಇರುವ ಸುಖ ನನಗಿಲ್ಲ. ಆದರೆ ನನ್ನ ಗಂಡ ತಾವೇ ಎದ್ದುಹೋಗಿ ಪ್ಲಗ್ಗು ಕೀಳುತ್ತಾರೆ, ಡಬ್ಬಿಯ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡುತ್ತಾರೆ. ಈ ಮನೆಯಲ್ಲಿ ಒಲೆ ಕೆಟ್ಟರೆ ಈಗ ಯಾರೂ ತಪ್ಪು ನನ್ನದೆಂಬಂತೆ ನನ್ನ ಮುಖ ನೋಡುವುದಿಲ್ಲ.