ಕಣ್ಣು ಸರಿಯಾಗಿಯೇ ಕಂಡಿತ್ತು

ತೇಜು, ಅವತ್ತು ಲಾಸ್ ಏಂಜಲೀಸಿನ ಮೈದಾನದಲ್ಲಿ ನಾನು ಬೇಕಂತಲೇ ತಪ್ಪು ಕೂಗಿದೆ. ನನ್ನ ಕಣ್ಣು ಮಬ್ಬಾಗಿರಲಿಲ್ಲ. ಬಿಸಿಲೂ ಹೊಡೆದಿರಲಿಲ್ಲ. ನಿನ್ನ ಬೆನ್ನ ಹಿಂದೆ ಹೋಗುತ್ತಿದ್ದವನನ್ನು ನಾನು ಸ್ಪಷ್ಟವಾಗಿ ನೋಡಿದ್ದೆ. ನೋಡಿಯೂ "ಮುಂದ" ಎಂದು ಕೂಗಿದೆ. ನಿನ್ನನ್ನು ಸೋಲಿಸಿದ್ದು ನಿನ್ನ ಅಜ್ಜ.

ಬರೆದಾಯಿತು. ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು ನನ್ನ ಮೇಲೆ ನನಗೆ ಹುಟ್ಟುವ ಸಿಟ್ಟು ಎಂಥದೆಂದರೆ, ಕನ್ನಡಿಯಲ್ಲಿ ಈ ಮುಖ ಕಂಡರೆ ಉಗುಳಬೇಕು ಅನಿಸುತ್ತದೆ.

ಕೊರೋನಾ ಬಂದ ವರ್ಷ ನಿನ್ನ ಕಾಲೇಜು ಮುಚ್ಚಿತು, ನೀನು ಸ್ಯಾನ್ ಡಿಯಾಗೋದ ಕಾರ್ಮೆಲ್ ವ್ಯಾಲಿಯ ನಮ್ಮ ಮನೆಗೆ ಬಂದೆ. ಮನೆ ಹತ್ತಿರದ ಪಾರ್ಕಿನಲ್ಲಿ ನಾವಿಬ್ಬರೇ. ಗಿಡ್ಡನೆಂದು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್ಬಾಲಿನ ಟೀಮುಗಳು ನಿನ್ನನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಕೆನಡಾದ ಫುಟ್ಬಾಲಿಗೆ ನನ್ನಂಥವರೇ ಬೇಕು ಅಜ್ಜ, ಎಂದು ನೀನು ಹುಲ್ಲಿನ ಮೇಲೆ ಕೋಲಿನಿಂದ ಗೆರೆ ಎಳೆದು ತೋರಿಸಿದೆ. ಅಲ್ಲಿ ಮೈದಾನ ಹೆಚ್ಚು ಅಗಲ. ಒಂದು ಕಡೆಗೆ ಹನ್ನೆರಡು ಜನ. ಚೆಂಡನ್ನು ಮುಂದೆ ಒಯ್ಯಲು ನಾಲ್ಕರ ಬದಲು ಮೂರೇ ಅವಕಾಶ, ಹಾಗಾಗಿ ಎಸೆತವೇ ಜಾಸ್ತಿ. ಚೆಂಡು ಹಿಡಿಯುವವರು ಪ್ರತಿ ಸಲ ಚೆಂಡು ಆಟಕ್ಕೆ ಬರುವ ಮೊದಲೇ ಚೆಂಡಿಟ್ಟ ಗೆರೆಯತ್ತ ಓಡಿ ಬರಬಹುದು. ಅವರು ಪೂರ್ತಿ ವೇಗದಲ್ಲಿರುವಾಗ, ಕಾಯುವವನು ಹಿಮ್ಮೆಟ್ಟುತ್ತಲೇ ಅವರನ್ನು ತಡೆಯಬೇಕು.

ಗದಗಿನ ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದ ನನಗೆ ಮೈಮೇಲೆ ನುಗ್ಗಿ ಬರುವವರು ಹೊಸಬರಲ್ಲ. "ಬರೋನ ಮುಖಾ ನೋಡಬ್ಯಾಡಲೇ, ಸೊಂಟಾ ನೋಡು. ಮುಖಾ ಆಟಾ ಆಡಸ್ತದ, ಸೊಂಟಕ್ಕ ಅದು ಬರಂಗಿಲ್ಲ" ಅಂದೆ.

"ನಮ್ ಕೋಚೂ ಸೇಮ್ ಹೇಳ್ತಾನ, ಅಜ್ಜ! ಯು ಟೂ ಆರ್ ಟ್ವಿನ್ಸ್!"

"ಅವನ ಸಂಬಳಾ ನನಗ ಕೊಡಸು ಹಂಗಾದ್ರ."

ಹೀಗೆ ನಮ್ಮ ಉಪಾಯ ಹುಟ್ಟಿತು. ನಿನ್ನ ಪಾಲಿನ ಜಾಗ ಕಾಯುವಾಗ ನಿನ್ನ ಕಣ್ಣು ಚೆಂಡು ಎಸೆಯುವವನ ಮೇಲಿರುತ್ತಿತ್ತು. ಬೆನ್ನ ಹಿಂದೆ ಯಾರು ಜಾರಿದರೆಂದು ನಿನಗೆ ಕಾಣದು, ಮೇಲಿನ ಬೆಂಚಿನಲ್ಲಿ ಕೂತ ನನಗೆ ಕಾಣುತ್ತದೆ. "ಹಿಂದ" ಅಂದರೆ ಯಾರೋ ನಿನ್ನನ್ನು ದಾಟುತ್ತಿದ್ದಾರೆ, ಹಿಂದೆ ಸರಿ. "ಮುಂದ" ಅಂದರೆ ಹಿಂದೆ ಯಾರೂ ಇಲ್ಲ, ಧೈರ್ಯವಾಗಿ ನುಗ್ಗು. ಸ್ಯಾನ್ ಡಿಯಾಗೋದ ರವಿವಾರದ ಆಟಗಳಲ್ಲಿ ನನ್ನ ಕೂಗು ಕೇಳಿ ನಿನ್ನ ಗೆಳೆಯನೊಬ್ಬ "ಈಸ್ ಹೀ ಪ್ರೇಯಿಂಗ್?" ಎಂದು ಕೇಳಿದ್ದ. "ಯಾ, ಫಾರ್ ಯು" ಅಂದಿದ್ದೆ ನೀನು. ಎಷ್ಟು ನಕ್ಕಿದ್ದೆವು—

ಕೆನಡಾದ ಟೀಮೊಂದು ಲಾಸ್ ಏಂಜಲೀಸಿನಲ್ಲಿ ಸೆಲೆಕ್ಷನ್ ಇಟ್ಟಿತು. ಕಾರಿನಲ್ಲಿ ಹೋಗುವಾಗ ನೀನು ಖುಷಿಯಿಂದ ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿದ್ದೆ. ಆರಿಸಿಕೊಂಡರೆ ಬರುವ ತಿಂಗಳೇ ಹೊರಡಬೇಕು ಅಂದೆ.

"ನೀ ಹೋದ್ರ ನನ್ನ ಆರ್ಟೀಸಿಯಾದ ನಮ್ಮ ಮಂದಿ ಅಂಗಡಿಗೆ ಕರ್ಕೊಂಡ್ ಹೋಗೋರ್ ಯಾರಲೇ?"

"ಊಬರ್ ಅದ ಅಲ್ಲ, ಅಜ್ಜ!" ಎಂದು ನನ್ನ ಹೆಗಲು ತಟ್ಟಿ ನಕ್ಕೆ.

ನೀನು ತಮಾಷೆಗೆ ಅಂದದ್ದು ಎಂದು ನನಗೆ ಗೊತ್ತಿತ್ತು. ಆದರೂ ಮುಖ ಕಿಟಕಿಯತ್ತ ತಿರುಗಿಸಿದೆ. ನಿನ್ನ ಅಪ್ಪ-ಅವ್ವ ಬೆಳಗಾದರೆ ಟೊರ್ರಿ ಪೈನ್ಸಿನ ಆಫೀಸಿಗೆ ಹೋಗುವವರು. ಈ ಊರಿನಲ್ಲಿ ಕಾರು ಓಡಿಸಲು ಬಾರದ ನನಗೆ ನೀನೇ ಕಾಲು. ನನ್ನ ಕಾಲು ಎದ್ದು ಬೇರೆ ದೇಶಕ್ಕೆ ಹೊರಟಿತ್ತು—ಅಷ್ಟೇ ಕಾರಣ. ಅದನ್ನು ಪ್ರೀತಿ ಅನ್ನುವವರ ಬಾಯಿಗೆ ಹೊಡೆಯಬೇಕು. ಮೊದಲು ನನ್ನ ಬಾಯಿಗೆ, ಏಕೆಂದರೆ ಬಹಳ ದಿನ ನಾನೇ ಹಾಗೆ ಅಂದುಕೊಂಡಿದ್ದೆ.

ಅವತ್ತು ಮೈದಾನದಲ್ಲಿ ಬೆಳಗಿನಿಂದ ನಿನ್ನನ್ನು ದಾಟಿ ಯಾರೂ ಚೆಂಡು ಹಿಡಿದಿರಲಿಲ್ಲ. ಕಡೆಯ ಸರದಿ. ಇಬ್ಬರು ಓಡಿ ಬಂದರು. ಒಬ್ಬ ನಿನ್ನ ಮುಂದೆಯೇ ಒಳಕ್ಕೆ ತಿರುಗಿ, ಚೆಂಡು ತನಗೇ ಎಂಬಂತೆ ಕೈ ಚಾಚಿದ. ಇನ್ನೊಬ್ಬ ಅಂಚಿನಿಂದ ನಿನ್ನ ಬೆನ್ನ ಹಿಂದಕ್ಕೆ ಹೊರಟ. ಅವನ ಸೊಂಟ ಎಲ್ಲಿಯೂ ತಿರುಗಲಿಲ್ಲ, ಚೆಂಡು ಅವನಿಗೇ ಎಂದು ನನಗೆ ಆಗಲೇ ಗೊತ್ತಾಯಿತು. ನಿನಗೆ ಅವನು ಕಾಣುತ್ತಿರಲಿಲ್ಲ, ಆದರೂ ನಿನ್ನ ಕಾಲು ತಾವಾಗಿಯೇ ಹಿಂದಕ್ಕೆ ಸರಿಯುತ್ತಿದ್ದವು. ಸರಿಯಾಗಿಯೇ ಸರಿಯುತ್ತಿದ್ದವು. "ಹಿಂದ" ಎಂಬ ಮಾತು ನನ್ನ ಗಂಟಲಿಗೆ ಬಂದಿತ್ತು.

"ಮುಂದ! ಮುಂದ ಹೋಗಲೇ!"

ನೀನು ಒಂದು ಕ್ಷಣ ತಡವರಿಸಿದೆ. ನಿನ್ನ ಕಾಲು ಬೇಡ ಅಂದವು, ಅಜ್ಜನ ದನಿ ಹೋಗು ಅಂದಿತು. ನೀನು ದನಿಯನ್ನು ನಂಬಿದೆ. ಚೆಂಡು ನಿನ್ನ ತಲೆಯ ಮೇಲಿಂದ ಹೋಯಿತು. ಹಿಡಿದವನ ಸುತ್ತ ಒಬ್ಬರೂ ಇರಲಿಲ್ಲ.

ಆ ಟೀಮಿನ ಕೋಚ್ ಬಂದು ಯಾಕೆ ಜಾಗ ಬಿಟ್ಟೆ ಎಂದು ಕೇಳಿದ. ನಾನು ಕೇಳಿಸುವಷ್ಟು ಹತ್ತಿರದಲ್ಲೇ ಇದ್ದೆ. "ಮೈ ಮಿಸ್ಟೇಕ್, ಸರ್" ಅಂದೆ ನೀನು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಸಂಜೆ ಹೆಸರು ಕೂಗಿದಾಗ ನಿನ್ನದಿರಲಿಲ್ಲ.

ವಾಪಸು ಬರುವಾಗ ನೀನು ಬೈಯುತ್ತೀ ಎಂದು ಕಾದೆ. ಬೈದಿದ್ದರೆ ಅಲ್ಲೇ ಒಪ್ಪಿಕೊಳ್ಳುತ್ತಿದ್ದೆನೋ ಏನೋ—ಇಲ್ಲ, ಇದೂ ನನ್ನ ನೆಪ. ನೀನು ಕೇಳಿದ್ದು ಬೇರೆ. "ಅಜ್ಜ, ನೀವು ಲಾಸ್ಟ್ ಟೈಮ್ ಕಣ್ಣು ಚೆಕ್ ಮಾಡ್ಸಿದ್ದು ಯಾವಾಗ?"

"ಸ್ವಲ್ಪ ಮಬ್ಬ ಕಾಣಾಕತ್ತೇದಪಾ" ಅಂದೆ.

ನನ್ನ ಮಾತು ನಂಬಿ ನೀನು ನನ್ನನ್ನು ಕಣ್ಣಿನ ಡಾಕ್ಟರ ಬಳಿ ಕೂರಿಸಿದೆ. ಗೋಡೆಯ ಮೇಲಿನ ಅಕ್ಷರಗಳನ್ನು ನಾನು ಬೇಕಂತಲೇ ತಪ್ಪು ಓದಿದೆ. ಮಷೀನ್ ಒಂದು ಹೇಳುತ್ತದೆ, ಇವರೊಂದು ಹೇಳುತ್ತಾರೆ ಎಂದು ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, ಕೊನೆಗೆ ಒಂದು ಕನ್ನಡಕ ಕೊಟ್ಟರು. ಹಾಕಿಕೊಂಡರೆ ತಲೆ ತಿರುಗುತ್ತದೆ, ಮೆಟ್ಟಿಲಲ್ಲಿ ಕಾಲು ತಪ್ಪುತ್ತದೆ. ನೀನು ಓಡಿ ಬಂದು ಕೈ ಹಿಡಿಯುತ್ತೀ. ಆರ್ಟೀಸಿಯಾದ ಮಿಠಾಯಿ ಅಂಗಡಿಯ ಹೆಣ್ಣುಮಗಳು ಅದನ್ನು ನೋಡಿ, "ಎಂಥಾ ಮೊಮ್ಮಗ ರೀ ಅಜ್ಜಾರ! ಪುಣ್ಯಾ ಮಾಡೀರಿ" ಅಂದಳು. ಆಕೆಯ ಮೇಲೂ ಸಿಟ್ಟು ಬಂತು. ಆಕೆ ಏನು ಮಾಡಿದ್ದಳು, ಪಾಪ. ನಾನು ಹಲ್ಲು ಕಿರಿದು ಪೇಡೆ ತಿಂದೆ.

ನೀನು ಆಯ್ಕೆಯಾಗದ್ದಕ್ಕೆ ನಿನ್ನ ಅಪ್ಪ, "ಛಲೋನ ಆತು ಬಿಡ್ರಿ, ಇನ್ನರೆ ನೆಟ್ಟಗ ಒಂದು ಕೆಲಸಾ ಹಿಡೀತಾನ" ಅಂದಾಗ ಮನೆ ಹಾರಿಹೋಗುವಂತೆ ಅವನನ್ನು ಬೈದೆ. ಅಜ್ಜ ನನ್ನ ಪರ ನಿಂತರು ಎಂದು ನೀನು ನನ್ನನ್ನು ತಬ್ಬಿಕೊಂಡೆ. ನಾನು ತಬ್ಬಿಸಿಕೊಂಡೆ. ಆ ಕೂಗಿಗಿಂತ ಅದೇ ಹೆಚ್ಚು ಹೇಸಿಗೆ.

ಇನ್ನು ಮುಚ್ಚಿಡಲಾಗದಂತೆ ಮಾಡಿದ್ದು ಹೋದ ವಾರ ಪಾರ್ಕಿನಲ್ಲಿ ಕಂಡದ್ದು. ಎದುರಿನವನು ಓಡಿ ಬಂದಾಗಲೆಲ್ಲ ನೀನು ತಡವರಿಸುತ್ತೀ. ಮುಂದೋ ಹಿಂದೋ ತಿಳಿಯದೆ ನಿಂತುಬಿಡುತ್ತೀ. ಅಷ್ಟರಲ್ಲಿ ಅವನು ದಾಟಿರುತ್ತಾನೆ. "ಐ ಡೋಂಟ್ ಟ್ರಸ್ಟ್ ಮೈ ಫೀಟ್, ಅಜ್ಜ. ಅವತ್ತಿಂದ" ಅಂದೆ. ನಿನ್ನಿಂದ ಒಂದು ಅವಕಾಶ ಕಸಿದೆ ಎಂದಷ್ಟೇ ನಾನು ತಿಳಿದಿದ್ದೆ. ನಾನು ಕಸಿದದ್ದು ನಿನ್ನ ಕಾಲುಗಳನ್ನೇ. ಕೇಳು: ಅವತ್ತು ಅವು ಸರಿಯಿದ್ದವು. ಅಷ್ಟು ದೊಡ್ಡ ಮೈದಾನದಲ್ಲಿ ಕೆಟ್ಟದ್ದು ನಾನೊಬ್ಬನೇ.

ಶನಿವಾರ ಮತ್ತೆ ಸೆಲೆಕ್ಷನ್ ಇದೆ. ನೀನು ನನ್ನನ್ನೂ ಕರೆದಿದ್ದೀ. ನಾನು ಬರುವುದಿಲ್ಲ. ಕ್ಷಮಿಸು ಎಂದು ಕೇಳುವುದೂ ಇಲ್ಲ, ಕೇಳಿದರೆ ನಿನ್ನ ಮೇಲೆ ಇನ್ನೊಂದು ಭಾರ ಹೊರಿಸಿದಂತೆ.

ನಿನಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಬರೆಯಲು ಕುಳಿತಾಗ ಒಳಗೊಳಗೇ ಅದೇ ನನಗೆ ಧೈರ್ಯ ಕೊಟ್ಟಿತ್ತು. ಅದೂ ಮೋಸವೇ. ಹಾಗಾಗಿ ನಾಳೆ ಬೆಳಗ್ಗೆ, ನಿನ್ನ ಅಪ್ಪ-ಅವ್ವನೂ ಇರುವಾಗ, ಅಡಿಗೆಮನೆಯ ಮೇಜಿನ ಮುಂದೆ ನಿಂತು ಇದನ್ನು ನಾನೇ ಓದುತ್ತೇನೆ. ನೀನು ನಡುವೆ ಎದ್ದು ಹೋಗಬಹುದು. ನಾನು ಓದುವುದನ್ನು ನಿಲ್ಲಿಸುವುದಿಲ್ಲ. ತಿಳಿಯದ ಮಾತು ಬಂದರೆ ತಡೆದು ಕೇಳು, ಬಿಡಿಸಿ ಹೇಳುತ್ತೇನೆ.