ಹೆಸರಿನ ಮುಂದಿನ ಚುಕ್ಕೆ

ನಮ್ಮ ದರ್ಜಿ ಭಾನುವಾರ ಮಧ್ಯಾಹ್ನ ತೀರಿಕೊಂಡ. ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಕೂತಿದ್ದ ಹಾಗೆಯೇ ಎದೆಬಡಿತ ನಿಂತುಹೋಯಿತು. ಒಳಗೆ ಹೆಂಡತಿ ಪರೀಕ್ಷೆ ಬರೆಯುತ್ತಿದ್ದಳು. ಅವಳಿಗೆ ತಿಳಿದದ್ದು ಕೊನೆಯ ಗಂಟೆ ಹೊಡೆದ ಮೇಲೆ.

ಅವನ ಕೈ ಚೆನ್ನಾಗಿತ್ತು, ಬಾಯಿ ಇನ್ನೂ ಚೆನ್ನಾಗಿತ್ತು. ಅಂಗಿ ಬಿಗಿಯೆಂದು ಬಂದವರನ್ನು “ಬಟ್ಟೆ ಕುಗ್ಗಿದೆ, ನೀವಂತೂ ಹಾಗೇ ಇದ್ದೀರಿ” ಎಂದು ನಗಿಸಿಯೇ ಕಳಿಸುತ್ತಿದ್ದ. ಅಂಗಡಿಯಲ್ಲಿ ಪ್ರತಿ ಗಂಟಿಗೂ ಹೆಸರಿನ ಚೀಟಿ. ಅವಸರದ್ದಾದರೆ ಹೆಸರಿನ ಮುಂದೆ ಪೆನ್ನಿನ ದಪ್ಪ ಚುಕ್ಕೆ. ಚುಕ್ಕೆ ಇದ್ದದ್ದು ಮೊದಲು ಮಿಷನ್ನಿಗೆ.

ಹೆಂಡತಿ ಆಸ್ಪತ್ರೆಯಲ್ಲಿ ಹಂಗಾಮಿ ದಾದಿ. ಕಾಯಂ ಕೆಲಸದ ಪರೀಕ್ಷೆಗೆ ಇದೇ ಕೊನೆಯ ಅವಕಾಶ. ಮುಂದಿನ ಸಲಕ್ಕೆ ವಯಸ್ಸು ಮೀರುತ್ತಿತ್ತು. ಪ್ರವೇಶ ಪತ್ರವನ್ನು ಅವನೇ ತನ್ನ ಫೋನಿಗೆ ಇಳಿಸಿಕೊಂಡಿದ್ದ. ಕೇಂದ್ರದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದರಾಯಿತು ಅಂದುಕೊಂಡಿದ್ದ.

ಅಲ್ಲಿ ಫೋನು ತೆರೆದರೆ ಹಾಡುಗಳಿದ್ದವು, ಕರೆಂಟ್ ಬಿಲ್ಲಿತ್ತು, ಯಾರದೋ ಮಗುವಿನ ಫೋಟೊ ಇತ್ತು. ಪ್ರವೇಶ ಪತ್ರ ಇರಲಿಲ್ಲ. ಮತ್ತೆ ಇಳಿಸೋಣವೆಂದರೆ ವೆಬ್‌ಸೈಟು ತೆರೆಯಲೊಲ್ಲದು. ಎದುರಿಗೆ ಕಾವಲುಗಾರ ಗೇಟಿನ ಒಂದು ಕದವನ್ನು ಆಗಲೇ ಮುಚ್ಚಿದ್ದ.

“ಅಳಿಸಿಬಿಟ್ರಾ?” ಹೆಂಡತಿಯ ದನಿ ಸಣ್ಣದಾಗಿತ್ತು.

“ಇಲ್ಲ ಕಣೇ. ಜೋಪಾನವಾಗಿ ಇಟ್ಟಿದ್ದೆ.”

“ನೀವು ಜೋಪಾನ ಮಾಡಿದ್ದು ಯಾವತ್ತು ಕೈಗೆ ಸಿಕ್ಕಿದೆ?”

ಅವನ ಬೆವರಿದ ಬೆರಳಿಗೆ ಪರದೆ ಓಗೊಡಲಿಲ್ಲ. ಅಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದ. ಜೆರಾಕ್ಸ್ ಅಂಗಡಿಯಾಕೆ ಫೋನನ್ನು ಅವನ ಕೈಯಿಂದ ತೆಗೆದುಕೊಂಡಳು.

“ಫೈಲಿಗೆ ಏನಂತ ಹೆಸರು ಕೊಟ್ಟಿದ್ರಿ ಅಣ್ಣಾ?”

“ಇವಳದೇ ಹೆಸರು. ಮುಂದೆ ಒಂದು ಚುಕ್ಕೆ.”

“ಚುಕ್ಕೆ ಯಾಕೆ?”

“ಅರ್ಜೆಂಟ್ ಅಲ್ವಾ ತಾಯಿ.”

ಆಕೆ ತಲೆಯೆತ್ತಿ ನೋಡಿದಳು. “ನೀವು ಅರ್ಜೆಂಟ್ ಅಂತ ಇಟ್ರಿ. ಫೋನು ಬಚ್ಚಿಡು ಅಂತ ತಿಳ್ಕೊಳ್ತು. ಮೊದಲಿಗೇ ಚುಕ್ಕೆ ಇದ್ರೆ ಅದು ತೋರಿಸಲ್ಲ.”

ಫೈಲುಗಳ ಆ್ಯಪ್ಪಿನ ಸೆಟ್ಟಿಂಗಿಗೆ ಹೋಗಿ, ಅಡಗಿಸಿದ ಫೈಲುಗಳನ್ನು ತೋರಿಸು ಎಂಬಲ್ಲಿ ಒತ್ತಿದಳು. ಪಟ್ಟಿಯಲ್ಲಿ ಹೆಂಡತಿಯ ಹೆಸರು ಮಸುಕಾಗಿ ಮೂಡಿತು. ಪ್ರಿಂಟರು ಹಾಳೆಯನ್ನು ಅಂಗುಲ ಅಂಗುಲವಾಗಿ ಹೊರಗೆ ತಳ್ಳುವಷ್ಟರಲ್ಲಿ ಅವನು ಬಗ್ಗಿ ಎರಡೂ ಕೈ ಒಡ್ಡಿ ನಿಂತಿದ್ದ.

ಇಬ್ಬರೂ ರಸ್ತೆ ದಾಟಿ ಓಡಿದರು. ಕಾವಲುಗಾರನ ಕೈಯಲ್ಲಿ ಬೀಗವಿತ್ತು. ಅವನು ಹಾಳೆ ನೋಡಿ ಪಕ್ಕಕ್ಕೆ ಸರಿದ. ಅವಳು ತಿರುಗಿಯೂ ನೋಡದೆ ಒಳಗೆ ಹೋದಳು.

“ಬೆವರು ಸುರೀತಿದೆ ಸ್ವಾಮಿ,” ಎಂದು ಕಾವಲುಗಾರ ತನ್ನ ಕುರ್ಚಿ ಕೊಟ್ಟ. “ಮರದ ಕೆಳಗೆ ಹಾಕ್ಕೊಳ್ಳಿ, ಇನ್ನೂ ಬಹಳ ಹೊತ್ತಿದೆ.”

“ಅಲ್ಲಿಂದ ಬಾಗಿಲು ಕಾಣಲ್ಲ,” ಎಂದ ದರ್ಜಿ. “ಬೈಯೋದನ್ನ ಬಾಕಿ ಇಟ್ಕೊಂಡು ಹೋಗಿದ್ದಾಳೆ. ಹೊರಗೆ ಬಂದ ಕೂಡ್ಲೆ ನಾನು ಎದುರಿಗೆ ಸಿಗಬೇಕು.”

ಕುರ್ಚಿಯನ್ನು ಬಿಸಿಲಿಗೆ ಎಳೆದು, ಬಾಗಿಲಿಗೆ ಮುಖ ಮಾಡಿ ಕೂತ.